ಕ್ಯೂರ್ ಬೇರೆ, ಡ್ರೈ ಬೇರೆ

ಅರ್ಥದಲ್ಲಿ ಒಂದರ ಮೇಲೊಂದು ಹಾಯುವ ಇಂಗ್ಲಿಷ್ ಪದಗಳ ಅಂತರವನ್ನು ನಿಘಂಟಿಗಿಂತ ಕಸುಬು ಚೆನ್ನಾಗಿ ತೋರಿಸಿಕೊಡುತ್ತದೆ ಎಂಬುದಕ್ಕೆ, ವರ್ಜೀನಿಯಾ ತಂಬಾಕು ಬೆಳೆಯುವ ಹುಣಸೂರು ತಾಲ್ಲೂಕಿನ ಗಾವಡಗೆರೆ ಸೀಮೆಯಲ್ಲಿ ದಿನಬಳಕೆಗೆ ಬಂದಿರುವ ‘ಕ್ಯೂರ್’ ಮತ್ತು ‘ಡ್ರೈ’ ಎಂಬ ಜೋಡಿ ಉತ್ತಮ ನಿದರ್ಶನವಾಗಿದೆ.

‘ಡ್ರೈ’ ಎಂದರೆ ನೀರಿನಂಶ ಹೋಗುವುದು, ಅಷ್ಟೆ. ಅದು ಬಟ್ಟೆಗೂ ಸಲ್ಲುತ್ತದೆ, ಕಣದ ರಾಗಿಗೂ ಸಲ್ಲುತ್ತದೆ. ‘ಕ್ಯೂರ್’ ಆರೈಕೆ ಎಂಬ ಅರ್ಥದ ಲ್ಯಾಟಿನ್ ‘ಕೂರಾ’ದಿಂದ ಬಂದುದಾಗಿ, ವಸ್ತುವನ್ನು ತಕ್ಕ ಸ್ಥಿತಿಯಲ್ಲಿ ಕಾಯ್ದಿರಿಸಿ ಅದರೊಳಗಿನ ಗುಣವನ್ನೇ ಬದಲಿಸುವುದನ್ನು ಹೇಳುತ್ತದೆ. ರೈತರು ‘ಸೊಪ್ಪು ಬೇಯಿಸುವುದು’ ಎಂದು ಕರೆಯುವ ಕೆಲಸದಲ್ಲಿ, ಬ್ಯಾರನ್ ಎಂಬ ಎಲೆ ಹದಮಾಡುವ ಮನೆಗೆ ಏರಿಸಿದ ಹಸಿ ಎಲೆಯನ್ನು ಮೊದಲು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವ ಆರದಂತೆ ಎಚ್ಚರವಹಿಸಿ ಇಡಲಾಗುತ್ತದೆ. ಎಲೆಯ ಜೀವಕೋಶಗಳು ಇನ್ನೂ ಉಸಿರಾಡುತ್ತಿರುವ ಆ ಅವಧಿಯಲ್ಲಿ ಪಿಷ್ಟವು ಸಕ್ಕರೆಯಾಗಿ, ಹಸಿರು ಕಳೆದು ಹಳದಿ ಮೂಡುತ್ತದೆ. ಅವಸರದಿಂದ ಬೆಂಕಿ ಹೆಚ್ಚಿಸಿದರೆ ಎಲೆ ಒಣಗುತ್ತದೆಯಾದರೂ ಹಸಿರು ಹಾಗೆಯೇ ಉಳಿದು, ಹರಾಜು ಮಾರುಕಟ್ಟೆಯಲ್ಲಿ ಅದರ ದರ್ಜೆ ಇಳಿಯುತ್ತದೆ, ಅಂದರೆ ‘ಡ್ರೈ’ ನಡೆದೂ ‘ಕ್ಯೂರ್’ ನಡೆದಿರುವುದಿಲ್ಲ. ಹಳದಿ ನೆಲೆಗೊಂಡ ಮೇಲಷ್ಟೇ ಶಾಖವನ್ನು ಹಂತಹಂತವಾಗಿ ಏರಿಸಿ, ಎಲೆಯ ನಡುದಂಟು ಆರಲೆಂದು ಸುಮಾರು 70 ಡಿಗ್ರಿಯವರೆಗೆ ಒಯ್ಯುತ್ತಾರೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅದೇ ಊರುಗಳಲ್ಲಿ ಮನೆ ಕಟ್ಟುವವರ ಮಾತಿನಲ್ಲಿದೆ. ಗಾರೆ ಕೆಲಸದವರು ತಾರಸಿಗೆ ‘ಕ್ಯೂರಿಂಗ್’ ಮಾಡುವುದೆಂದರೆ, ಸಿಮೆಂಟು ನೀರಿನೊಡನೆ ಕೂಡಿ ಬಿಗಿಯಾಗುವ ರಾಸಾಯನಿಕ ಕ್ರಿಯೆ ಸಾಕಷ್ಟು ಸಾಗುವವರೆಗೆ ಅದು ಒಣಗದಂತೆ ದಿನವೂ ನೀರುಣಿಸುವುದು. ಒಂದೆಡೆ ಒಣಗಿಸಿ ಮುಗಿಯುವ, ಇನ್ನೊಂದೆಡೆ ನೆನೆಸಿಯೇ ಸಾಗುವ ಎರಡು ಕೆಲಸಗಳಿಗೆ ಒಂದೇ ಪದ ಒಪ್ಪುವುದರಿಂದ, ಒಣಗುವಿಕೆ ‘ಕ್ಯೂರ್’ನ ತಿರುಳಲ್ಲವೆಂಬುದು ಸ್ಪಷ್ಟ. ಸಮೀಪದ ಪದಗಳನ್ನು ತೂಗುವವರು ಹೀಗೆ, ಒಂದು ಸಲ್ಲುವಲ್ಲಿ ಇನ್ನೊಂದು ಸಲ್ಲದ ತಾಣವನ್ನೇ ಹುಡುಕಬೇಕು.

ಈ ತಂಬಾಕಿಗಿರುವ ಎಫ್‌ಸಿವಿ, ಅಂದರೆ ಫ್ಲೂ ಕ್ಯೂರ್ಡ್ ವರ್ಜೀನಿಯಾ ಎಂಬ ಹೆಸರಿನ ‘ಫ್ಲೂ’ಗೂ ‘ಚಿಮಣಿ’ಗೂ ಇಂಥದೇ ಅಂತರವಿದೆ: ಬಿಸಿ ಹೊಗೆ ಹಾಯುವ ಕೊಳವೆ ಮೊದಲನೆಯದು, ಹೊಗೆಯನ್ನು ಮಾಡಿನ ಮೇಲಕ್ಕೆ ಬಿಡುವ ಕಟ್ಟಡದ ಭಾಗ ಎರಡನೆಯದು. ಬ್ಯಾರನ್ನಿನಲ್ಲಿ ಹೊಗೆ ಕೊಳವೆಯೊಳಗೇ ಉಳಿದು ಎಲೆಗೆ ಶಾಖವಷ್ಟೇ ತಾಗುವುದರಿಂದ, ಆ ಹೆಸರನ್ನು ‘ಹೊಗೆಯಲ್ಲಿ ಒಣಗಿಸಿದ’ ಎಂದು ಕನ್ನಡಿಸಿದರೆ ಎರಡು ಪದಗಳಲ್ಲಿ ಎರಡೂ ತಪ್ಪಾಗುತ್ತವೆ. ‘ಕೊಳವೆ ಶಾಖದಲ್ಲಿ ಹದಗೊಳಿಸಿದ’ ಎಂಬುದೇ ಸರಿ.