ರನ್‌ವೇ ಉದ್ದ ಐತಿ, ಲೆಕ್ಕ ಎಲ್ಲೈತಿ?

"ಹಾವೇರಿ ಜಿಲ್ಲಾಕ್ಕೂ ಒಂದು ಏರ್‌ಪೋರ್ಟ್ ಬೇಕ್ರಿ." ನಮ್ಮ ಬಂಕಾಪುರದ ಕಡೆ ಈ ಮಾತು ಮದುವೆ ಮನೆಯಲ್ಲೂ ಕೇಳಿಸುತ್ತೆ, ಚಹಾದಂಗಡಿಯಲ್ಲೂ ಕೇಳಿಸುತ್ತೆ. ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಹುಬ್ಬಳ್ಳಿ ವಿಮಾನ ನಿಲ್ದಾಣ ಇದೆ, ಅದರಾಚೆ ಬೆಳಗಾವಿ ಇದೆ ಅಂತ ಹೇಳಿ ನೋಡಿ. ಉತ್ತರ ರೆಡಿ ಇರುತ್ತೆ: "ಶಿವಮೊಗ್ಗಕ್ಕ ಆತಲ್ರೀ, ನಮಗ್ಯಾಕ ಬ್ಯಾಡ?"

ಸರಿ, ಶಿವಮೊಗ್ಗವನ್ನೇ ನೋಡೋಣ. ಪುಸ್ತಕ ಬಂದರೆ ವಿಮರ್ಶೆ ಬರೀತೀವಿ, ಸಿನಿಮಾ ಬಂದರೆ ಮಧ್ಯಂತರದಲ್ಲೇ ಸ್ಟಾರ್ ಕೊಡ್ತೀವಿ. ಸುಮಾರು 450 ಕೋಟಿ ರೂಪಾಯಿ ಸಾರ್ವಜನಿಕ ಹಣದಲ್ಲಿ ಕಟ್ಟಿದ ನಿಲ್ದಾಣಕ್ಕೆ ಮಾತ್ರ ಉದ್ಘಾಟನೆಯ ದಿನದ ಫೋಟೋ ಸಾಕು ಅಂತ ಸುಮ್ಮನಾಗ್ತೀವಿ. ಇದು ನನಗೆ ಸರಿ ಅನ್ನಿಸಲ್ಲ.

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿರುವ ಈ ನಿಲ್ದಾಣಕ್ಕೆ ಉದ್ದದ ಹಿನ್ನೆಲೆಯಿದೆ. 2008ರ ಹೊತ್ತಿಗೆ ಖಾಸಗಿ ಸಹಭಾಗಿತ್ವದಲ್ಲಿ ಶುರುವಾದ ಯೋಜನೆ ವರ್ಷಗಟ್ಟಲೆ ನಿಂತುಹೋಗಿತ್ತು. 2020ರಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮತ್ತೆ ಶಂಕುಸ್ಥಾಪನೆ ಆಯ್ತು. 2023ರ ಫೆಬ್ರುವರಿ 27ರಂದು, ಅವರ 80ನೇ ಹುಟ್ಟುಹಬ್ಬದ ದಿನವೇ, ಪ್ರಧಾನಿ ಮೋದಿ ಉದ್ಘಾಟಿಸಿದರು. ಮೊದಲ ಪ್ರಯಾಣಿಕ ವಿಮಾನ ಬೆಂಗಳೂರಿಂದ ಬಂದಿದ್ದು ಆಗಸ್ಟ್ 31ಕ್ಕೆ, ಅಂದರೆ ರಿಬ್ಬನ್ ಕತ್ತರಿಸಿ ಆರು ತಿಂಗಳಾದ ಮೇಲೆ.

ಕಟ್ಟಡ ಚೆನ್ನಾಗಿದೆ. ಮೇಲಿಂದ ನೋಡಿದರೆ ಕಮಲದ ಆಕಾರ. ಅದರ ಬಗ್ಗೆ ಆಗಲೇ ಸಾಕಷ್ಟು ಜಗಳ ಆಗಿದೆ, ನಾನು ಮತ್ತೆ ಅದನ್ನು ಎಳೆಯಲ್ಲ. ನನ್ನ ತಕರಾರು ಕಮಲದ ಮೇಲಲ್ಲ, ರನ್‌ವೇ ಮೇಲೆ. ಮೊದಲು ಸಣ್ಣ ಎಟಿಆರ್ ವಿಮಾನಗಳಿಗೆ ಸಾಕಾಗುವಷ್ಟೇ ರನ್‌ವೇ ಅಂತಿದ್ದ ಯೋಜನೆಯನ್ನು ದೊಡ್ಡ ಏರ್‌ಬಸ್ ಇಳಿಯುವ ಹಾಗೆ ಹಿಗ್ಗಿಸಿದರು. ಈಗ ಅದರ ಉದ್ದ 3,200 ಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ ಅಂತ ಹೆಮ್ಮೆಯಿಂದ ಹೇಳಿದರು. ಮೊದಲು ಬಂದಿದ್ದು ಮಾತ್ರ ಇಂಡಿಗೋದ 78 ಸೀಟಿನ ಎಟಿಆರ್. ಅಂಥ ವಿಮಾನಕ್ಕೆ ಇದರ ಅರ್ಧದಷ್ಟು ರನ್‌ವೇಯೂ ಬೇಕಾಗಲ್ಲ.

ಮುಂದಾಲೋಚನೆ ತಪ್ಪಲ್ಲ ಅಂತ ನೀವು ಹೇಳಬಹುದು. ಒಪ್ಪಿದೆ. ಆದರೆ ಅಷ್ಟು ಉದ್ದ ರನ್‌ವೇ ಹಾಕಿದ ಜಾಗದಲ್ಲಿ ಶುರುವಿನಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ. ಮಲೆನಾಡಿನ ಬಾಗಿಲು ಅದು. ಮಂಜು, ಮೋಡ ಅಲ್ಲಿ ಹೊಸದೇನಲ್ಲ. ಮೊದಲ ವೇಳಾಪಟ್ಟಿ ನೆನಪಿಸಿಕೊಳ್ಳಿ: ಬೆಂಗಳೂರಿನ ವಿಮಾನ ಬೆಳಿಗ್ಗೆ ಹನ್ನೊಂದರ ಆಸುಪಾಸು ಬಂದು ಸ್ವಲ್ಪ ಹೊತ್ತಲ್ಲೇ ವಾಪಸ್ ಹೋಗೋದು. ಶಿವಮೊಗ್ಗದವರು ಅದನ್ನು ಹತ್ತಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದು, ಹೆಬ್ಬಾಳದ ಟ್ರಾಫಿಕ್ ದಾಟಿ ಊರೊಳಗೆ ಬರೋ ಹೊತ್ತಿಗೆ ಅರ್ಧ ದಿನ ಮುಗೀತು. ಕೆಲಸ ಮುಗಿಸಿ ಅವತ್ತೇ ಮನೆಗೆ ಬರೋಣ ಅಂದರೆ ವಾಪಸ್ ವಿಮಾನ ಮರುದಿನ. ಅದೇ ಬೆಳಗಿನ ಜಾವ ಹೊರಡುವ ಜನಶತಾಬ್ದಿ ರೈಲು ಹಿಡಿದರೆ ಕಚೇರಿ ಹೊತ್ತಿಗೆ ಬೆಂಗಳೂರು ನಡುಮಧ್ಯದಲ್ಲಿ ಇರ್ತೀರಿ. ವಿಮಾನ ರೈಲಿನ ಜೊತೆ ಸ್ಪರ್ಧೆಗೆ ಇಳಿದು ಸೋತಿದ್ದು ವೇಗದಲ್ಲಲ್ಲ, ಟೈಮ್‌ಟೇಬಲ್‌ನಲ್ಲಿ. ರನ್‌ವೇಗೆ ಕೊಟ್ಟ ಗಮನವನ್ನು ದೀಪಕ್ಕೆ, ಸಂಜ್ಞಾ ಉಪಕರಣಕ್ಕೆ ಮೊದಲೇ ಕೊಟ್ಟಿದ್ದರೆ ಬೆಳಿಗ್ಗೆ ಹೋಗಿ ರಾತ್ರಿ ಬರೋ ವಿಮಾನ ಕೇಳುವ ಹಕ್ಕಾದರೂ ಇರುತ್ತಿತ್ತು.

ಇನ್ನು ದುಡ್ಡಿನ ಮಾತು. 78 ಸೀಟಿನ ವಿಮಾನ ಒಂದು ಸಲ ತುಂಬಿ ಬಂದು, ತುಂಬಿ ಹೋದರೂ 156 ಜನ. ಟರ್ಮಿನಲ್ ಕಟ್ಟಿರೋದು ಗಂಟೆಗೆ 300 ಜನರಿಗೆ ಅಂತ. ಅಂದರೆ ಒಂದು ವಿಮಾನದ ಇಡೀ ದಿನದ ಜನ ಆ ಕಟ್ಟಡಕ್ಕೆ ಅರ್ಧ ಗಂಟೆ ಕೆಲಸ. ಆದರೆ ಅಗ್ನಿಶಾಮಕ ದಳ ಅರ್ಧ ಗಂಟೆ ಮಾತ್ರ ಇದ್ದರೆ ನಡೆಯಲ್ಲ. ಭದ್ರತೆ, ಕರೆಂಟು, ಹುಲ್ಲು ಕೊಯ್ಯೋದು, ಹಕ್ಕಿ ಓಡಿಸೋದು, ಲೈಸೆನ್ಸ್ ಕಾಯ್ದುಕೊಳ್ಳೋದು ಎಲ್ಲವೂ ಒಂದು ವಿಮಾನಕ್ಕೂ ಬೇಕು, ಹತ್ತಕ್ಕೂ ಬೇಕು. ಖರ್ಚು ಗಟ್ಟಿ, ಆದಾಯ ನೀರು.

ಆದಾಯವಾದರೂ ಎಲ್ಲಿಂದ? 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕ ಬಿಡುವ ಪದ್ಧತಿ ನಮ್ಮಲ್ಲಿ ಬಹಳ ವರ್ಷಗಳಿಂದ ಇದೆ. ಎಟಿಆರ್‌ನಲ್ಲಿ 78 ಸೀಟು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಉಡಾನ್ ಯೋಜನೆಯಲ್ಲಿ ಹಾರುವ ವಿಮಾನಕ್ಕೆ ಪಾರ್ಕಿಂಗ್ ಶುಲ್ಕವೂ ಇಲ್ಲ. ಉಳಿದಿದ್ದು ಅಂಗಡಿ ಬಾಡಿಗೆ, ಜಾಹೀರಾತು ಫಲಕ, ಕಾರು ನಿಲ್ಲಿಸುವ ದುಡ್ಡು. 156 ಜನ ಎಷ್ಟು ಕಾಫಿ ಕುಡಿದಾರು?

ಉಡಾನ್ ಅಂದರೆ ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. 2016ರಲ್ಲಿ ಘೋಷಣೆಯಾಗಿ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಮೊದಲು ಹಾರಿದ ಕೇಂದ್ರದ ಯೋಜನೆ. ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ ಅಂತ ಕೆಲವು ಸೀಟುಗಳಿಗೆ ಮಿತಿ ಹಾಕಿ, ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡೋದು. ಅದರಲ್ಲಿ ನಮ್ಮಂಥ ರಾಜ್ಯಗಳ ಪಾಲು ಶೇ 20. ಮೂರು ವರ್ಷದಲ್ಲಿ ಜನರಿಗೆ ರೂಢಿಯಾಗುತ್ತೆ, ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತೆ ಅನ್ನೋದು ಲೆಕ್ಕಾಚಾರ.

ನಿಂತಿತಾ? ಸಿಎಜಿ 2023ರಲ್ಲಿ ಕೊಟ್ಟ ವರದಿ ನೋಡಿ. ಉಡಾನ್‌ನ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಹಾರುತ್ತಿದ್ದದ್ದು 54. ನೂರಕ್ಕೆ ಏಳು. ಶಾಲೆಯಲ್ಲಿ ನೂರಕ್ಕೆ ಏಳು ಬಂದರೆ ಅಪ್ಪ-ಅಮ್ಮನ್ನ ಕರೆಸ್ತಾರೆ. ಇಲ್ಲಿ ಇನ್ನೊಂದು ಊರಿಗೆ ಶಂಕುಸ್ಥಾಪನೆ ಮಾಡ್ತಾರೆ.

ನಮ್ಮಲ್ಲೇ ಬೀದರ್ ಉದಾಹರಣೆ ಇದೆ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಜೊತೆ ಶುರುವಾಯ್ತು. ಆ ಕಂಪನಿಯ ಸೇವೆ ನಿಂತಿತು. ಆಮೇಲೆ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ಮತ್ತೆ ವಿಮಾನ ಬಂದಿದ್ದು 2025ರ ಏಪ್ರಿಲ್‌ನಲ್ಲಿ, ರಾಜ್ಯ ಸರ್ಕಾರ ನೆರವಿಗೆ ಒಪ್ಪಿದ ಮೇಲೆ. ಅಂದರೆ ಮೂರು ವರ್ಷದ ಊರುಗೋಲು ತೆಗೆದ ಮೇಲೆ ಇನ್ನೊಂದು ಊರುಗೋಲು. ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ, ಗೋವಾಕ್ಕೆ ಉಡಾನ್ ಅಡಿ ವಿಮಾನ ಶುರುವಾಗಿದ್ದು 2023ರ ನವೆಂಬರ್‌ನಲ್ಲಿ. ಮೂರು ಕೂಡಿಸಿ: 2026ರ ನವೆಂಬರ್. ಆಮೇಲೆ ಕೊರತೆ ತುಂಬೋರು ಯಾರು?

ಶಿವಮೊಗ್ಗಕ್ಕೆ ಈ ಪ್ರಶ್ನೆ ಬೇರೆಯವರಿಗಿಂತ ಚುರುಕಾಗಿ ತಾಗುತ್ತೆ. ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಆ ಪ್ರಾಧಿಕಾರದ ಕೈಯಲ್ಲಿ ದೇಶದ ತುಂಬ ನಿಲ್ದಾಣಗಳಿವೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಸರಿದೂಗಿಸಬಹುದು. ಶಿವಮೊಗ್ಗ ಹಾಗಲ್ಲ. ಅದನ್ನು ನಡೆಸೋದು ರಾಜ್ಯದ ಕೆಎಸ್‌ಐಐಡಿಸಿ. ಹೀಗೆ ರಾಜ್ಯವೇ ನಡೆಸಲು ಕೈಹಾಕಿದ ಮೊದಲ ನಿಲ್ದಾಣ ಅದು. ಕೂಡುಕುಟುಂಬದಲ್ಲಿ ಒಬ್ಬ ದುಡಿಯದಿದ್ದರೂ ಊಟಕ್ಕೆ ಕೊರತೆಯಿಲ್ಲ. ಬೇರೆ ಮನೆ ಮಾಡಿದವನಿಗೆ ತಿಂಗಳ ಕೊನೆ ತಾನೇ ಬರುತ್ತೆ. ವಿಜಯಪುರ, ಹಾಸನ, ರಾಯಚೂರು ಸಾಲಿನಲ್ಲಿ ನಿಂತಿವೆ.

ಇಲ್ಲಿ ಒಂದು ವಾದ ಬಂದೇ ಬರುತ್ತೆ. ರಸ್ತೆಗೆ ಲಾಭ ಕೇಳ್ತೀರಾ? ಸರ್ಕಾರಿ ಆಸ್ಪತ್ರೆಗೆ ಲಾಭ ಕೇಳ್ತೀರಾ? ಬೆಂಗಳೂರಲ್ಲಿ ಮೆಟ್ರೊ ಹತ್ತಿ ಓಡಾಡುವ ನಾವು ಮಾತ್ರ ಸಣ್ಣ ಊರಿನ ಏರ್‌ಪೋರ್ಟಿಗೆ ಲೆಕ್ಕ ಕೇಳೋದು ಯಾವ ನ್ಯಾಯ? ಈ ಮಾತಿನಲ್ಲಿ ಹುರುಳಿದೆ. ಹುಟ್ಟೂರಲ್ಲಿ ವಯಸ್ಸಾದ ಅಪ್ಪ-ಅಮ್ಮನ್ನ ಬಿಟ್ಟು ಹೈದರಾಬಾದಲ್ಲೋ ಪುಣೆಯಲ್ಲೋ ಕೆಲಸ ಮಾಡುವವರಿಗೆ ಒಂದು ಗಂಟೆಯ ವಿಮಾನದ ಬೆಲೆ ಏನು ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಆದರೆ ನಷ್ಟ ಮಾಡೋದು ಬೇರೆ, ನಷ್ಟವನ್ನು ಮುಚ್ಚಿಡೋದು ಬೇರೆ. ನಾರ್ವೆಯಲ್ಲಿ ಸರ್ಕಾರಿ ಸಂಸ್ಥೆ ಅವಿನೋರ್ ನಲವತ್ತಕ್ಕೂ ಹೆಚ್ಚು ನಿಲ್ದಾಣ ನಡೆಸುತ್ತೆ. ಓಸ್ಲೋದಂಥ ದೊಡ್ಡ ನಿಲ್ದಾಣದ ಗಳಿಕೆ ದೂರದ ಸಣ್ಣ ನಿಲ್ದಾಣಗಳನ್ನು ಸಾಕುತ್ತೆ. ಅಮೆರಿಕ 1978ರಲ್ಲಿ ವಿಮಾನಯಾನವನ್ನು ಮಾರುಕಟ್ಟೆಗೆ ಬಿಟ್ಟಾಗ ಸಣ್ಣ ಊರುಗಳ ಸಂಪರ್ಕ ತಪ್ಪಬಾರದು ಅಂತ ಹತ್ತು ವರ್ಷದ ಸಬ್ಸಿಡಿ ಇಟ್ಟಿತು. ಅದು ಇನ್ನೂ ನಡೀತಿದೆ. ಅಂಥ ಶ್ರೀಮಂತ ದೇಶಕ್ಕೇ ಹತ್ತು ವರ್ಷ ಸಾಕಾಗಲಿಲ್ಲ. ನಾವು ಮೂರೇ ವರ್ಷದಲ್ಲಿ ಪವಾಡ ಆಗುತ್ತೆ ಅಂತ ಕೂತಿದ್ದೀವಿ.

ಹಾಗಾದರೆ ಕರ್ನಾಟಕದ ಓಸ್ಲೋ ಯಾವುದು? ಬೆಂಗಳೂರು. ಕೆಂಪೇಗೌಡ ನಿಲ್ದಾಣದ ಕಂಪನಿಯಲ್ಲಿ ಶೇ 13ರಷ್ಟು ಷೇರು ಇರೋದು ಇದೇ ಕೆಎಸ್‌ಐಐಡಿಸಿ ಹೆಸರಲ್ಲಿ. ಒಂದು ಕೈಯಲ್ಲಿ ರಾಜ್ಯದ ಅತಿ ದೊಡ್ಡ ನಿಲ್ದಾಣದ ಪಾಲು, ಇನ್ನೊಂದು ಕೈಯಲ್ಲಿ ಶಿವಮೊಗ್ಗ. ಆ ಪಾಲಿನಿಂದ ಬರುವ ಹಣವನ್ನು ಸಣ್ಣ ನಿಲ್ದಾಣಗಳಿಗೆ ಅಂತಲೇ ಎತ್ತಿಟ್ಟು, ಯಾವ ಮಾರ್ಗಕ್ಕೆ ಎಷ್ಟು ಕೊಟ್ಟೆವು, ಒಬ್ಬ ಪ್ರಯಾಣಿಕರಿಗೆ ಎಷ್ಟು ಬಿತ್ತು ಅಂತ ವರ್ಷಕ್ಕೊಮ್ಮೆ ಒಂದು ಪುಟದಲ್ಲಿ ಪ್ರಕಟಿಸಲಿ. ಆಗ ಅದು ದಾನವೂ ಅಲ್ಲ, ದುಂದೂ ಅಲ್ಲ. ನಾವು ಒಪ್ಪಿ ಕೊಡುವ ಖರ್ಚು. ಒಪ್ಪದಿದ್ದರೆ ಪ್ರಶ್ನೆಯನ್ನಾದರೂ ಕೇಳಬಹುದು.

ಮತ್ತೆ ಹಾವೇರಿಗೆ ಬರ್ತೀನಿ. "ಬ್ಯಾಡಗಿ ಮೆಣಸಿನಕಾಯಿ ವಿಮಾನದಾಗ ಹೋಗ್ತಾವು" ಅಂತಾರೆ. ಒಣ ಮೆಣಸಿನಕಾಯಿಗೆ ಏನವಸರ? ಲಾರಿಯಲ್ಲಿ ಆರಾಮಾಗಿ ಹೋಗುತ್ತೆ. ಬಾಡುವ ಮಾಲು ಅಂದರೆ ಸವಣೂರಿನ ವೀಳ್ಯದೆಲೆ. ಅದಕ್ಕೆ ಬೇಕಿದ್ದರೆ ಹುಬ್ಬಳ್ಳಿ ಒಂದೂವರೆ ತಾಸಿನ ದಾರಿ. ಜನಕ್ಕೂ ಅಷ್ಟೇ. ನಮ್ಮೂರ ಹೆಸರಿನ ಬಂಕಾಪುರ ಚೌಕ ಹುಬ್ಬಳ್ಳಿಯಲ್ಲೇ ಇದೆ. ಈ ಎರಡು ಊರಿನ ನಡುವಿನ ದಾರಿ ಅಷ್ಟು ಹಳೆಯದು. ವಿಮಾನದ ಹೊತ್ತಿಗೆ ಸರಿಯಾಗಿ ಹಾವೇರಿ, ಬಂಕಾಪುರ, ಶಿಗ್ಗಾಂವಿ ಮೇಲೆ ನಿಲ್ದಾಣದ ಬಾಗಿಲಿಗೇ ಹೋಗುವ ನಾಲ್ಕು ಬಸ್ ಬಿಟ್ಟರೆ ನಮ್ಮ ಜಿಲ್ಲೆಗೆ ಏರ್‌ಪೋರ್ಟ್ ಬಂದ ಹಾಗೇ. ಹುಬ್ಬಳ್ಳಿಗೂ ಸೀಟು ತುಂಬುತ್ತೆ.

ಬಂಕಾಪುರದವರಿಗೆ ಇದನ್ನು ಅರ್ಥ ಮಾಡಿಸೋದು ಕಷ್ಟ ಆಗಬಾರದು. ರಾಷ್ಟ್ರಕೂಟರ ಕಾಲಕ್ಕೆ ಬಂಕೆಯನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದ. ಗುಣಭದ್ರರ ಉತ್ತರಪುರಾಣ ಇಲ್ಲೇ ಮುಗಿಯಿತು. ಅಧಿಕಾರ, ವ್ಯಾಪಾರ ಬೇರೆ ಕಡೆ ಹೋದ ಮೇಲೆ ಕೋಟೆ ಇತ್ತು, ಅರವತ್ತು ಕಂಬದ ಗುಡಿ ಇತ್ತು, ಬರೋ ಜನ ಇರಲಿಲ್ಲ. ಈಗ ಕೋಟೆಯೊಳಗೆ ನವಿಲುಧಾಮ. ನವಿಲಿಗೆ ರನ್‌ವೇ ಬೇಕಿಲ್ಲ, ಸಬ್ಸಿಡಿಯೂ ಬೇಕಿಲ್ಲ.

ಮುಂದಿನ ಚುನಾವಣೆಗೆ ಯಾರಾದರೂ ಬಂದು "ನಿಮ್ಮ ಜಿಲ್ಲಾಕ್ಕ ಏರ್‌ಪೋರ್ಟ್ ತರ್ತೀವಿ" ಅಂದರೆ ಚಪ್ಪಾಳೆ ಹೊಡೆಯೋದು ಆಮೇಲೆ ಇರಲಿ. ಮೊದಲು ಮೂರು ಮಾತು ಕೇಳಿ. ವಿಮಾನ ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೈತಿ? ರಾತ್ರಿ ವಾಪಸ್ ಬರ್ತೈತೇನು? ನಾಲ್ಕನೇ ವರ್ಷ ದುಡ್ಡು ಯಾರು ಕೊಡ್ತೀರಿ?