ಟರ್ಬೊ ಬಿಚ್ಚುವ ಮುನ್ನ

‘ಟರ್ಬೊ ಗಯಾ, ಸಾಬ್’ ಎಂಬ ತೀರ್ಪು ನಮ್ಮ ಕಲ್ಯಾಣ್-ಶಿಳ್ ರಸ್ತೆಯ ಕಡೆ ಬಾನೆಟ್ ಎತ್ತುವ ಮೊದಲೇ ಹೊರಬೀಳುವುದುಂಟು. ಪಿಕಪ್ ಇಲ್ಲ ಎಂದಿರಾ, ಟರ್ಬೊ. ಹೊಗೆ ಬರುತ್ತಿದೆ ಎಂದಿರಾ, ಟರ್ಬೊ. ಆಯಿಲ್ ಕಡಿಮೆಯಾಗುತ್ತಿದೆ ಎಂದಿರಾ, ಅದೂ ಟರ್ಬೊವೇ. ಹದಿನೈದು ವರ್ಷ ಹಳೆಯ ಕಾರಿಗೆ ಹೊಸ ಟರ್ಬೊ ಹಾಕಿಸುವುದೆಂದರೆ ಕಾರಿನ ಈಗಿನ ಬೆಲೆಯಲ್ಲಿ ಒಂದು ದೊಡ್ಡ ಪಾಲನ್ನು ಅದರ ಮೂಗಿಗೇ ಸುರಿದಂತೆ. ಅಷ್ಟು ಸುರಿದ ಮೇಲೂ ಆರೇ ತಿಂಗಳಲ್ಲಿ ಹೊಸದೂ ಕೈಕೊಟ್ಟ ಕತೆಗಳನ್ನು ಥಾಣೆಯಿಂದ ಪನ್ವೇಲ್‌ವರೆಗೆ ಎಲ್ಲಿ ಬೇಕಾದರೂ ಕೇಳಬಹುದು. ಕಾರಣ ಸರಳ. ಹಳೆಯ ಟರ್ಬೊವನ್ನು ಕೊಂದದ್ದು ಯಾವುದು ಎಂದು ಯಾರೂ ಹುಡುಕಿರುವುದಿಲ್ಲ. ಆ ಹುಡುಕಾಟವನ್ನು ಮನೆಯಲ್ಲೇ ಮಾಡಬಹುದು, ಪಾನೆ ಹಿಡಿಯಲು ಬರುವವರು ಮಾಡಲೇಬೇಕು ಎನ್ನುವುದು ನನ್ನ ವಾದ. ಟರ್ಬೊದ ರಿಪೇರಿ ಎಂದರೆ ಮುಕ್ಕಾಲು ಪಾಲು ಅದೇ.

ಯಂತ್ರದ ಕಲ್ಪನೆ ಹಳೆಯದು. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಉರಿಸಬಹುದು, ಬಲ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಹಡಗುಗಳಲ್ಲಿ ಅದು ದುಡಿಯತೊಡಗಿದ್ದು 1920ರ ದಶಕದಲ್ಲಿ, ಡೀಸೆಲ್ ಕಾರಿಗೆ ಬಂದದ್ದು 1978ರ ಮರ್ಸಿಡಿಸ್ 300 ಎಸ್‌ಡಿಯಲ್ಲಿ. ನಮ್ಮ ಮಧ್ಯಮ ವರ್ಗದ ಪಾರ್ಕಿಂಗಿಗೆ ಅದು ದೊಡ್ಡ ಸಂಖ್ಯೆಯಲ್ಲಿ ಇಳಿದದ್ದು 2007ರಲ್ಲಿ, ಸ್ವಿಫ್ಟ್ ಡೀಸೆಲ್ ಜೊತೆ. ಫಿಯೆಟ್ ಕಂಪೆನಿಯ 1248 ಸಿಸಿ ಮಲ್ಟಿಜೆಟ್ ಎಂಜಿನ್ ಅದು. ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ, ಲಿನಿಯಾ, ಎಲ್ಲದರ ಬಾನೆಟ್ಟಿನಡಿ ಇದ್ದದ್ದು ಅದೇ. ಅದಕ್ಕೇ ಕಾರುಪ್ರಿಯರು ಅದನ್ನು ‘ರಾಷ್ಟ್ರೀಯ ಎಂಜಿನ್’ ಎಂದು ಕರೆದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ಲಿಗೇ ವಿದಾಯ ಹೇಳಿತು. ಎಂಎಚ್-04, 05, 43 ನಂಬರಿನ ಆ ಕಾರುಗಳು ಮಾತ್ರ ಇನ್ನೂ ಓಡುತ್ತಿವೆ. ನಮ್ಮವರಿಗಂತೂ ಅವನ್ನು ಬಿಡಲು ಮನಸ್ಸಿಲ್ಲ. ಮೇ ತಿಂಗಳಲ್ಲಿ ಮಂಗಳೂರಿನ ರೈಲಿಗೆ ಟಿಕೆಟ್ ಸಿಗದಿದ್ದರೆ ಇಡೀ ಸಂಸಾರವನ್ನು ತುಂಬಿಕೊಂಡು ಊರಿಗೆ ಹೋಗಿ, ಬರುವಾಗ ಡಿಕ್ಕಿಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಹೇರಿಕೊಂಡು ಬರಲು ಇಂಥ ಗಾಡಿ ಬೇಕು.

ಈ ಎಂಜಿನ್ನಿನಲ್ಲಿ ಎರಡು ಜಾತಿ. ಸುಮಾರು 75 ಅಶ್ವಶಕ್ತಿಯದರಲ್ಲಿ ಸಾದಾ ಟರ್ಬೊ, 90ರದರಲ್ಲಿ ವಿಜಿಟಿ. ವಿಜಿಟಿ ಎಂದರೆ ಟರ್ಬೈನ್ ಚಕ್ರದ ಸುತ್ತ ಪುಟ್ಟ ರೆಕ್ಕೆಗಳಿದ್ದು, ಅವು ತೆರೆದು ಮುಚ್ಚಿ ಹೊಗೆಯ ದಾರಿಯನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ನಿಮ್ಮದು ಯಾವುದೆಂದು ತಿಳಿಯದೆ ಪಾನೆ ಮುಟ್ಟಬೇಡಿ. ಇವೆರಡರ ಕಾಯಿಲೆಗಳೇ ಬೇರೆ.

ಮೊದಲ ಕೆಲಸ ಕಿವಿಗೆ, ಕಣ್ಣಿಗೆ. ಎಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ, ಜೊತೆಗೆ ಎಲ್ಲೋ ‘ಸುಸ್ಸ್’ ಎಂಬ ಸದ್ದು ಬಂದರೆ ಟರ್ಬೊ ತನ್ನ ಕೆಲಸ ಮಾಡುತ್ತಿದೆ, ಅದು ಒತ್ತಿಕೊಟ್ಟ ಗಾಳಿ ಎಂಜಿನ್ನಿಗೆ ಸೇರದೆ ದಾರಿಯಲ್ಲೇ ಸೋರುತ್ತಿದೆ ಎಂದರ್ಥ. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸು ಕೆಳಮೈಯಲ್ಲಿ, ಕಣ್ಣಿಗೆ ಬೀಳದ ಕಡೆ ಸೀಳಿರುತ್ತದೆ. ಕೈ ಹಾಕಿ ಸವರಿ ನೋಡಿ, ಎಣ್ಣೆ ಕಲೆತ ಧೂಳು ಅಂಟಿದ ಕಡೆಯೇ ಸೀಳು ಇರುವುದು ಹೆಚ್ಚು. ಹೋಸು, ಒಂದು ಜೊತೆ ಕ್ಲಾಂಪು, ಅರ್ಧ ಗಂಟೆ. ‘ಸತ್ತ’ ಟರ್ಬೊ ಎದ್ದು ಕೂರುತ್ತದೆ. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಆಗಲೂ ಟರ್ಬೊದ ಮೇಲೆ ಆರೋಪ ಹೊರಿಸುವ ಮೊದಲು ಎಂಜಿನ್ನಿನ ಬ್ರೀದರ್ ಪೈಪು ನೋಡಿ. ಅದು ಮಸಿ ಕಟ್ಟಿ ಮುಚ್ಚಿದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ, ಟರ್ಬೊದಿಂದ ತನ್ನ ಭಾರಕ್ಕೇ ಇಳಿದು ಬರಬೇಕಾದ ಆಯಿಲ್ ಇಳಿಯುವುದಿಲ್ಲ. ಮೋರಿ ಕಟ್ಟಿದರೆ ಬಚ್ಚಲಲ್ಲಿ ನೀರು ನಿಲ್ಲುವ ಹಾಗೆ ಅದು ಮೇಲೇ ನಿಂತು ಸೀಲು ದಾಟಿ ಹೊರನುಗ್ಗುತ್ತದೆ. ಇನ್ನು ಇಂಟರ್‌ಕೂಲರ್ ಪೈಪಿನೊಳಗೆ ಎಣ್ಣೆಯ ತೆಳು ಪಸೆ ಕಂಡು ಗಾಬರಿಯಾಗುವವರಿದ್ದಾರೆ. ಬ್ರೀದರಿನ ಆವಿ ಆ ದಾರಿಯಲ್ಲೇ ಹೋಗುವುದರಿಂದ ಅಷ್ಟು ಪಸೆ ಸಹಜ. ಪೈಪು ಬಗ್ಗಿಸಿದಾಗ ಎಣ್ಣೆ ಸುರಿದರೆ ಮಾತ್ರ ಅದು ಕಾಯಿಲೆ.

ಸೈರನ್ನಿನಂಥ ಕೀರಲು ದನಿ ಬಂದರೆ ಬೇರೆ ಮಾತಿಲ್ಲ, ಓಡಿಸುವುದನ್ನು ನಿಲ್ಲಿಸಿ. ಚಕ್ರ ಗೋಡೆಗೆ ತಾಗುತ್ತಿದೆ.

ಆಮೇಲೆ ಏರ್ ಫಿಲ್ಟರ್ ಕಡೆಯ ಪೈಪು ಕಳಚಿ, ತಣ್ಣಗಿರುವ ಟರ್ಬೊದ ಚಕ್ರವನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಪಕ್ಕಕ್ಕೆ ಚೂರು ಅಲುಗಾಡುವುದು ಇರಬೇಕಾದ್ದೇ, ಏಕೆಂದರೆ ನಮ್ಮ ಈ ಟರ್ಬೊಗಳಲ್ಲಿ ಬಾಲ್ ಬೇರಿಂಗ್ ಇಲ್ಲ. ಶಾಫ್ಟು ಬುಷ್‌ಗಳೊಳಗೆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಆ ಪೊರೆ ಇಲ್ಲದಾಗ ತುಸು ಸಡಿಲ ಕಾಣುತ್ತದೆ. ಹಿಂದೆ ಮುಂದೆ ಜಗ್ಗಿದಾಗ ಮಾತ್ರ ಅಲುಗಬಾರದು. ಬೆರಳಿಗೆ ‘ಟಕ್’ ಎಂದು ಗೊತ್ತಾಗುವಷ್ಟು ಅಲುಗಿದರೆ ಥ್ರಸ್ಟ್ ಬೇರಿಂಗ್ ಸವೆದಿದೆ. ಪಕ್ಕದ ಅಲುಗಾಟವನ್ನು ತೋರಿಸಿ ಟರ್ಬೊ ಹೋಗಿದೆ ಎಂದು ಹೆದರಿಸುವವರನ್ನು ನಂಬಬೇಡಿ. ಚಕ್ರದ ಅಲಗುಗಳ ಅಂಚನ್ನೂ ಟಾರ್ಚ್ ಹಾಕಿ ನೋಡಿ. ಅಂಚು ಕಚ್ಚಿದಂತಿದ್ದರೆ ಹರಿದ ಫಿಲ್ಟರಿನಿಂದ ಧೂಳು, ಮರಳು ಒಳಹೊಕ್ಕಿದೆ. ಘೋಡ್‌ಬಂದರ್ ರಸ್ತೆಯ ಮೆಟ್ರೊ ಕಾಮಗಾರಿಯ ಧೂಳು ಕುಡಿದ ಕಾರುಗಳ ಫಿಲ್ಟರ್ ಬಿಚ್ಚಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟೆಲ್ಲ ಆಗಿಯೂ ಟರ್ಬೊ ಇಳಿಸಲೇಬೇಕಾದರೆ ಮೊದಲ ಅಡ್ಡಿ ಸೊಸೈಟಿಯ ಸೆಕ್ರೆಟರಿ. ಪೇವರ್ ಬ್ಲಾಕಿನ ಮೇಲೆ ಎಣ್ಣೆಯ ಕಲೆ ಬಿದ್ದರೆ ನೋಟಿಸ್ ಗ್ಯಾರಂಟಿ. ದಪ್ಪ ರಟ್ಟು ಹಾಸಿ, ಮರದ ಹೊಟ್ಟು ಚೆಲ್ಲಿ ಕೂರಿ. ತೆಗೆದ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಗಟಾರಕ್ಕೆ ಸುರಿದರೆ ಖಾಡಿಗೆ ಸುರಿದಂತೆ. ಎರಡನೇ ಅಡ್ಡಿ ತುಕ್ಕು. ನಾಲ್ಕು ತಿಂಗಳ ಮಳೆ, ಥಾಣೆ ಖಾಡಿಯ ಉಪ್ಪುಗಾಳಿ, ಅದರ ಮೇಲೆ ಸೈಲೆನ್ಸರಿನ ಕಾವು, ಮೂರೂ ಸೇರಿ ಮ್ಯಾನಿಫೋಲ್ಡಿನ ಸ್ಟಡ್‌ಗಳನ್ನು ಬೆಸುಗೆ ಹಾಕಿದಂತೆ ಕೂರಿಸಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಗೋಟಿ ಪಾನೆ ಹಾಕಿ ಚೂರು ಬಿಚ್ಚಿ, ಚೂರು ಬಿಗಿದು, ಮತ್ತೆ ಬಿಚ್ಚಿ. ಸ್ಟಡ್ ತುಂಡಾದರೆ ಅರ್ಧ ದಿನದ ಕೆಲಸ ಅರ್ಧ ವಾರಕ್ಕೆ ಹೋಗುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸುವ ವಿದ್ಯೆ ಒಳ್ಳೆಯದೇ, ಆದರೆ ನಲವತ್ತು ಕಾರು ನಿಂತ ಸ್ಟಿಲ್ಟಿನಡಿ ಅದನ್ನು ಮಾಡುವವನನ್ನು ನಾನು ಸೆಕ್ರೆಟರಿಯ ಪರವಾಗಿ ನಿಂತು ಬೈಯುತ್ತೇನೆ.

ಈಗ ಮುಖ್ಯ ಸಂಗತಿ, ಎಣ್ಣೆ. ಚಿಕ್ಕ ಕಾರಿನ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತದೆ, ಅಂದರೆ ಸೆಕೆಂಡಿಗೆ 3,300ಕ್ಕೂ ಹೆಚ್ಚು. ಒಂದು ಬದಿಯಲ್ಲಿ 700 ಡಿಗ್ರಿ ಮೀರಿದ ಹೊಗೆ, ಕೆಲವೇ ಅಂಗುಲದಾಚೆ ಮಳೆಗಾಲದ ಗಾಳಿ. ಇವೆರಡರ ನಡುವೆ ಶಾಫ್ಟನ್ನು ಬದುಕಿಸಿ ಇಟ್ಟಿರುವುದು ಬೆರಳಿಗಿಂತ ಸಣ್ಣ ಪೈಪಿನಲ್ಲಿ ಬರುವ ಆಯಿಲ್. ಘಟ್ಟ ಹತ್ತಿ ಬಂದ ಕಾರನ್ನು ಹೋಟೆಲಿನ ಮುಂದೆ ಗಕ್ಕನೆ ಆಫ್ ಮಾಡಿದರೆ ಪಂಪು ನಿಲ್ಲುತ್ತದೆ, ಕಾವು ನಿಲ್ಲುವುದಿಲ್ಲ. ಒಳಗೆ ಸಿಕ್ಕಿಕೊಂಡ ಎಣ್ಣೆ ಬೆಂದು ಇದ್ದಿಲಾಗುತ್ತದೆ. ಲೋಣಾವಳದಲ್ಲಿ ಚಿಕ್ಕಿಗೆ ನಿಂತಾಗಲೂ, ಮೇಲಿನ ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ನಿಂತಾಗಲೂ ಒಂದೆರಡು ನಿಮಿಷ ಎಂಜಿನ್ ಹಾಗೇ ಓಡಲಿ. ಆ ಇದ್ದಿಲು ವರ್ಷಗಟ್ಟಲೆ ಆಯಿಲ್ ಬರುವ ಪೈಪಿನ ಒಳಗೋಡೆಗೆ ಕಟ್ಟುತ್ತ ಹೋಗುತ್ತದೆ. ಹೊಸ ಟರ್ಬೊ ಹಾಕಿ ಹಳೆಯ ಪೈಪು ಉಳಿಸಿಕೊಂಡರೆ ಆರು ತಿಂಗಳ ಕತೆ ಶುರುವಾಗುವುದು ಇಲ್ಲಿಂದಲೇ. ಅದನ್ನು ಡೀಸೆಲ್‌ನಲ್ಲಿ ತೊಳೆದು ಹಾಕುವವರಿದ್ದಾರೆ. ತೊಳೆದಾಗ ಸಡಿಲಾದ ಚೂರು ನೇರ ಬೇರಿಂಗಿಗೇ ಹೋಗಿ ಕೂರುತ್ತದೆ. ಪೈಪು ಹೊಸದೇ ಇರಲಿ, ಟೊಳ್ಳು ಬೋಲ್ಟಿನ ತಾಮ್ರದ ವಾಷರುಗಳೂ ಹೊಸದೇ ಇರಲಿ. ಕೆಲವು ಎಂಜಿನ್ನುಗಳಲ್ಲಿ ಆ ಬೋಲ್ಟಿನೊಳಗೇ ಸಣ್ಣ ಜಾಲರಿ ಇರುತ್ತದೆ, ಅದನ್ನೂ ನೋಡಿ. ಫ್ಲ್ಯಾಂಜಿಗೆ ಗ್ಯಾಸ್ಕೆಟ್ ಬದಲು ಸಿಲಿಕೋನ್ ಮೆತ್ತುವ ಚಟ ನಮ್ಮ ಕಡೆ ಜಾಸ್ತಿ. ಒಳಕ್ಕೆ ಹಿಂಡಿಕೊಂಡ ಅದರ ಎಳೆ ಕಿತ್ತುಬಂದು ದಾರಿ ಮುಚ್ಚುತ್ತದೆ.

ಆಯಿಲ್ ಬದಲಿಸುವ ಅವಧಿಯನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದೇ ನಮ್ಮ ಊರಿಗೆ ಒಗ್ಗದು. ಡೊಂಬಿವಲಿಯಿಂದ ಮಹಾಪೆಯ ಎಂಐಡಿಸಿಗೆ ಕಚೇರಿಗೆಂದು ಹೊರಟವರು ಕಾಟಾಯಿ ನಾಕಾ, ಶಿಳ್‌ಫಾಟಾ ದಾಟುವುದರೊಳಗೆ ನಾವಾಶೇವಾ ಬಂದರಿನ ಕಂಟೇನರ್ ಲಾರಿಗಳ ಹಿಂದೆ ಎಷ್ಟು ಹೊತ್ತು ಒಂದನೇ ಗೇರಿನಲ್ಲಿ ತೆವಳಿದರು ಎಂಬುದನ್ನು ಮೀಟರು ತೋರಿಸುವುದಿಲ್ಲ. ಎಂಜಿನ್ ಓಡಿದ ಗಂಟೆ ಹೆಚ್ಚು, ಮೀಟರಿನ ಅಂಕಿ ಕಡಿಮೆ. ಕಂಪೆನಿಯ ಪುಸ್ತಕ ಹೇಳಿದ ಅವಧಿಯ ಅರ್ಧಕ್ಕೇ ನಾನು ಬದಲಿಸುವವನು, ಖರ್ಚು ದಂಡ ಎಂದು ಯಾರೇ ಹೇಳಲಿ.

ಇದೇ ಶಿಳ್‌ಫಾಟಾ ವಿಜಿಟಿಗೆ ಮಾಡುವ ಅನ್ಯಾಯ ಇನ್ನೊಂದು ಬಗೆಯದು. ತೆವಳುವ ಕಾರಿನ ಹೊಗೆಗೆ ಸಾಕಷ್ಟು ಕಾವಿಲ್ಲ, ವೇಗವಿಲ್ಲ. ಮಸಿ ಹೊರಗೆ ಹೋಗದೆ ರೆಕ್ಕೆಗಳ ಬುಡದಲ್ಲಿ ಕೂತು ಗಟ್ಟಿಯಾಗುತ್ತದೆ. ರೆಕ್ಕೆ ಮುಚ್ಚಿದಲ್ಲೇ ಅಂಟಿದರೆ ಹೆದ್ದಾರಿಯಲ್ಲಿ ಒತ್ತಡ ಮಿತಿಮೀರಿ ಕಾರು ತನ್ನ ಬಲವನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ, ತೆರೆದಲ್ಲಿ ಅಂಟಿದರೆ ಕೆಳ ವೇಗದಲ್ಲಿ ಜೀವವೇ ಇರುವುದಿಲ್ಲ. ಇದನ್ನು ಮನೆಯಲ್ಲೇ ಸರಿಮಾಡಬಹುದು. ಟರ್ಬೈನಿನ ಕವಚ ಬೇರ್ಪಡಿಸುವ ಮೊದಲು ಎರಡೂ ಭಾಗಕ್ಕೆ ಗೆರೆ ಎಳೆದು ಗುರುತು ಹಾಕಿ. ಕಾರ್ಬ್ ಕ್ಲೀನರ್, ನೈಲಾನ್ ಬ್ರಶ್, ತಾಳ್ಮೆ, ಇಷ್ಟು ಸಾಕು. ಪ್ರತಿ ರೆಕ್ಕೆಯೂ ಬೆರಳು ತಾಗಿದರೆ ಜಾರುವಂತಾಗಬೇಕು. ಪಕ್ಕದಲ್ಲಿರುವ ಸಣ್ಣ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ಅದನ್ನು ಕಾರ್ಖಾನೆಯಲ್ಲಿ ಗಾಳಿಯ ಹರಿವು ಅಳೆದು ಕೂರಿಸಿರುತ್ತಾರೆ. ಕಂಪ್ರೆಸರಿನ ಗಾಳಿ ಬಿಟ್ಟು ಚಕ್ರವನ್ನು ‘ಝುಂಯ್’ ಎಂದು ತಿರುಗಿಸಿ ಖುಷಿಪಡುವುದೂ ಬೇಡ. ಎಣ್ಣೆಯಿಲ್ಲದೆ ಅಷ್ಟು ವೇಗ ತಿರುಗಿದರೆ ಬುಷ್ ಅಲ್ಲೇ ಸವೆಯಿತು.

ಶಾಫ್ಟು, ಬುಷ್ ಹೋಗಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು ಎನ್ನುವುದು ನನ್ನ ನಿಲುವು. ಬುಷ್, ಸೀಲುಗಳ ಕಿಟ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಾಕುವುದೂ ಕಷ್ಟವಲ್ಲ. ಆದರೆ ಸೆಕೆಂಡಿಗೆ ಮೂರು ಸಾವಿರ ಸುತ್ತು ಹೊಡೆಯುವ ವಸ್ತುವಿನ ತೂಕದ ಸಮತೋಲ ಕಣ್ಣಳತೆಗೆ ಸಿಗುವುದಲ್ಲ, ಅದಕ್ಕೆ ಬ್ಯಾಲೆನ್ಸಿಂಗ್ ಯಂತ್ರವೇ ಬೇಕು. ಶಾಫ್ಟು, ಚಕ್ರ, ಬುಷ್ ಎಲ್ಲ ಸೇರಿಸಿ ಬ್ಯಾಲೆನ್ಸ್ ಮಾಡಿದ ಕಾರ್ಟ್ರಿಜ್ ತಂದು ಹಳೆಯ ಕವಚಗಳ ನಡುವೆ ಕೂರಿಸಿ, ಜೊತೆಗೆ ಅದರ ರಿಪೋರ್ಟ್ ಚೀಟಿಯನ್ನೂ ಕೇಳಿ ಪಡೆಯಿರಿ. ಚೀಟಿ ಕೊಡದ ಅಂಗಡಿಯಿಂದ ಹೊರಗೆ ಬನ್ನಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸ್ಪೇರ್ ಸಾಲಿನಲ್ಲಿ ಬಾಗಿಲು, ಲೈಟು, ಬಂಪರು ಹುಡುಕುವುದರಲ್ಲಿ ನನಗೂ ಸುಖವಿದೆ; ಸೆಕೆಂಡ್‌ಹ್ಯಾಂಡ್ ಟರ್ಬೊ ಮಾತ್ರ ಬೇಡ. 2019ರ ಜುಲೈಯಲ್ಲಿ ಉಲ್ಹಾಸ್ ನದಿ ಉಕ್ಕಿ, ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನ ನಡುವೆ ನಿಂತ ವರ್ಷ ಎಷ್ಟು ಕಾರುಗಳು ಕೆಸರು ಕುಡಿದವೋ, ಅವುಗಳ ಟರ್ಬೊ ಈಗ ಯಾವ ಅಂಗಡಿಯಲ್ಲಿ ಒರೆಸಿಕೊಂಡು ಕೂತಿದೆಯೋ.

ಇಷ್ಟು ಶ್ರಮ ಹಳೇ ಡೀಸೆಲ್ಲಿಗೆ ತಕ್ಕದ್ದೇ? ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ವಿರುದ್ಧ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಹಾಗಿಲ್ಲ. ಹದಿನೈದು ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಮರುನೋಂದಣಿ ಮಾಡಿಸಬಹುದು, ಹಸಿರು ತೆರಿಗೆ ಬೇರೆ. ಕಪ್ಪು ಹೊಗೆ ಬಿಡುವ ಕಾರು ಆ ತಪಾಸಣೆಗೆ ಯೋಗ್ಯವೂ ಅಲ್ಲ. ಟರ್ಬೊ, ಹೋಸು ಸರಿಯಿದ್ದರೆ ಆ ಹೊಗೆ ಬಹಳ ಮಟ್ಟಿಗೆ ತಾನೇ ಅಡಗುತ್ತದೆ. ಈ ಊರಿನ ಗಾಳಿಯನ್ನು ನಾವೇ ಉಸಿರಾಡಬೇಕಲ್ಲ.

ಕೂರಿಸುವಾಗ ಟರ್ಬೊದ ಆಯಿಲ್ ತೂತಿಗೆ ಹೊಸ ಎಣ್ಣೆ ಹನಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಆಯಿಲ್, ಫಿಲ್ಟರ್ ಎರಡೂ ಹೊಸದಾಗಲಿ. ಇಂಜೆಕ್ಟರುಗಳ ಕನೆಕ್ಟರ್ ಕಳಚಿಟ್ಟು, ಎಂಜಿನ್ ಹೊತ್ತದಂತೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಎಣ್ಣೆ ಮೇಲೇರಲು ಬಿಡಿ. ಮೊದಲ ಸ್ಟಾರ್ಟಿನಲ್ಲಿ ಎಕ್ಸಲರೇಟರ್ ಮುಟ್ಟಬೇಡಿ. ಸೀಲು ಸರಿಯಿಲ್ಲದ ಟರ್ಬೊದಿಂದ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ತಾನಾಗಿ ಭೋರೆಂದು ಏರುವುದುಂಟು. ಆಗ ಚಾವಿ ತೆಗೆದರೂ ನಿಲ್ಲದು. ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ಕಟ್ಟಿಹಾಕಿ. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯುವ ಸಾಹಸ ಬೇಡವೇ ಬೇಡ.

ಎಲ್ಲ ಸುಸೂತ್ರವಾದರೆ ಮೊದಲ ಓಟಕ್ಕೆ ಪನ್ವೇಲ್‌ನಿಂದ ಹಳೆಯ ಪುಣೆ ರಸ್ತೆ ಹಿಡಿದು ಖೋಪೋಲಿವರೆಗೆ ಹೋಗಿ ಬನ್ನಿ, ಘಟ್ಟ ಮುಂದಿನ ವಾರಕ್ಕಿರಲಿ. ಬಂದ ಮೇಲೆ ಹೋಸುಗಳ ಕ್ಲಾಂಪನ್ನು ಇನ್ನೊಮ್ಮೆ ಬಿಗಿದು, ಆಯಿಲ್ ಇಳಿಯುವ ಪೈಪಿನ ಕೆಳಗೆ ರಾತ್ರಿ ಒಂದು ಬಿಳಿ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕಲೆ ಬಿದ್ದಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಬೋಲ್ಟನ್ನು ಇನ್ನಷ್ಟು ಬಿಗಿಯುವ ಬದಲು ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ.