ಬೆಂಜೊದಲ್ಲಿ ಒರಿಜಿನಲ್ ಯಾವುದು?

ಗಣಪತಿ ಕಳಿಸುವ ದಿನ ಸಂಕೇಶ್ವರ, ಹುಕ್ಕೇರಿ, ಗೋಕಾಕ ಕಡೆಯ ಬೀದಿಗಳಲ್ಲಿ ಡ್ರಮ್ಮಿನ ಅಬ್ಬರವನ್ನೂ ಸೀಳಿಕೊಂಡು ಕೇಳುವ ತಂತಿವಾದ್ಯವೆಂದರೆ ಕರೆಂಟಿನ ಬೆಂಜೊ. ಅಮೆರಿಕದ ದುಂಡು ಬೆಂಜೊ ಅಲ್ಲ; ಬುಲ್‌ಬುಲ್ ತರಂಗ ಎಂದೂ ಕರೆಯುವ, ಟೈಪ್‌ರೈಟರಿನಂಥ ಕೀಲಿಗಳಿರುವ ಉದ್ದ ಪೆಟ್ಟಿಗೆ. ಕೊಲ್ಲಾಪುರ ಸೀಮೆಯ ಬೆಂಜೊ ಪಾರ್ಟಿಗಳ ಗಾಳಿ ಗಡಿಯ ಈಚೆಗೂ ಚೆನ್ನಾಗಿ ಬೀಸಿದೆ. ಸಂಗೀತ ಬಲ್ಲವರು ಅದರ ಮೇಲೆ ಹೊರಿಸುವ ತಕರಾರು ಎರಡು: ವಾದ್ಯ ನಮ್ಮದಲ್ಲ, ಇದ್ದದ್ದನ್ನೂ ಬಿಚ್ಚಿ ಕೆಡಿಸಿದ್ದಾರೆ. ಮೊದಲನೆಯದು ನಿಜ. ಎರಡನೆಯದನ್ನು ಒಪ್ಪಲಾಗದು.

1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿಟಾ ಗೋರೊ ಎಂಬಾತ ತಂತಿಗಳ ಮೇಲೆ ಕೀಲಿಮಣೆ ಕೂರಿಸಿ ತೈಶೋಗೋಟೊ ಎಂಬ ವಾದ್ಯ ಮಾಡಿದ. ಅದರ ಸಂತತಿಯೇ ನಮ್ಮ ಬೆಂಜೊ. ಹುಟ್ಟಿದ್ದೇ ಮಾರ್ಪಾಡಿನಿಂದ. ಪರದೇಶದ್ದೆಂಬ ಕಾರಣಕ್ಕೆ ಅದನ್ನು ದೂರ ಇಡುವುದಾದರೆ ಹಾರ್ಮೋನಿಯಂ ಗತಿ ಏನು? ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಉತ್ತರ ಕರ್ನಾಟಕದ ಬಯಲಾಟಗಳು ಅದನ್ನು ಬಿಡಲಿಲ್ಲ, ಇಂದಿಗೂ ಶ್ರೀಕೃಷ್ಣ ಪಾರಿಜಾತದ ಮೇಳ ಅದರ ಶ್ರುತಿಗೇ ನಿಲ್ಲುತ್ತದೆ.

ಇನ್ನು ಬಿಚ್ಚಿ ಜೋಡಿಸುವ ಮಾತು. ಪೊಳ್ಳು ಪೆಟ್ಟಿಗೆಗೆ ಪಿಕಪ್ ಹಾಕಿ ಸ್ಪೀಕರ್ ಎದುರು ಇಟ್ಟರೆ ಅದು ಕೂಗತೊಡಗುತ್ತದೆ. ಅದಕ್ಕೇ ಗಟ್ಟಿ ಹಲಗೆ, ಬಿಗಿತ ತಪ್ಪದಿರಲು ಗಿಟಾರಿನ ಕಿವಿಗಳು. ಅಯಸ್ಕಾಂತದ ಸುತ್ತ ತೆಳ್ಳನೆಯ ತಾಮ್ರದ ತಂತಿ ಸುತ್ತಿದ ಪಿಕಪ್ಪನ್ನು ಕುದುರೆಯ ಹತ್ತಿರ ಕೂರಿಸಿದರೆ ಸ್ವರ ಚೂಪಾಗಿ ಬೀದಿಯ ತುದಿಗೂ ಮುಟ್ಟುತ್ತದೆ. ಒಳಕ್ಕೆ ಸರಿಸಿದರೆ ದುಂಡಗಾಗುತ್ತದೆ. ಎಲ್ಲಿ ಕೂರಿಸಬೇಕೆಂಬುದು ಕಿವಿ ಪಳಗಿದವನಿಗಷ್ಟೇ ತಿಳಿಯುವ ಲೆಕ್ಕ. 1930ರ ದಶಕದ ಆರಂಭದಲ್ಲಿ ಬಂದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್ ಕೂಡ ಹೀಗೇ, ತೊಡೆಯ ಮೇಲೆ ಅಡ್ಡ ಇಟ್ಟು ಬಾರಿಸುವಂಥದ್ದು. ಗಿಟಾರಿನ ಲೋಕದಲ್ಲೂ ಇದೇ ಜಗಳ. 1950ರ ದಶಕದ ಫೆಂಡರ್ ಗಿಟಾರಿನ ಒಂದು ಸ್ಕ್ರೂ ಬದಲಾದರೂ ಬೆಲೆ ಬಿತ್ತೆಂದು ಮರುಗುವವರಿದ್ದಾರೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮಾತ್ರ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಭಾಗ ತಂದು ತನ್ನ ಗಿಟಾರ್ ಜೋಡಿಸಿಕೊಂಡ. ಮುಂದೆ ಫೆಂಡರ್ ಕಂಪನಿಯೇ ಅದರ ಪಡಿಯಚ್ಚು ಮಾಡಿ ಮಾರಿತು.

ಈ ಸೀಮೆಗಂತೂ ತಿದ್ದಿ ತನ್ನದಾಗಿಸಿಕೊಳ್ಳುವುದು ಹೊಸದಲ್ಲ. ಅಪರಾಳ ತಮ್ಮಣ್ಣನ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಗಂಡಸರದೇ ಆಗಿದ್ದ ಆ ರಂಗಕ್ಕೆ ಕೌಜಲಗಿ ನಿಂಗಮ್ಮ ಬಂದಳು. ಆಟ ಕೆಡಲಿಲ್ಲ, ಬೆಳಗಿತು.

ಹಾಗಾದರೆ ಬೆಂಜೊ ಪಾರ್ಟಿಗಳಲ್ಲಿ ಕೊರತೆ ಇಲ್ಲವೇ? ಇದೆ. ಅದು ವಾದ್ಯದಲ್ಲಲ್ಲ, ವಾದನದಲ್ಲಿ. ಹಿಟ್ ಆದ ಸಿನಿಮಾ ಹಾಡನ್ನು ಗಾಯಕನ ಉಸಿರಿನ ನಿಲುಗಡೆಯ ಸಮೇತ ನಕಲು ಮಾಡುವುದೇ ಜಾಣ್ಮೆ ಎನಿಸಿಕೊಂಡಿದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಶುರು. ಜೊತೆಗೆ ಆಕ್ಟೊಪ್ಯಾಡ್, ಕೀಬೋರ್ಡ್ ಎರಡೂ ಗರಿಷ್ಠ ಧ್ವನಿಯಲ್ಲಿ. ನಡುವೆ ಬೆಂಜೊಗೆ ಉಳಿಯುವುದು ಕಿರುಚುವ ಕೆಲಸ. ಕೀಲಿ ಒತ್ತಿದರೆ ಸ್ವರ ಕಡ್ಡಿ ಮುರಿದಂತೆ ಬೀಳುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸುಲಭಕ್ಕೆ ದಕ್ಕುವುದಿಲ್ಲ ಎಂಬುದು ನಿಜ. ಆದರೆ ಒತ್ತಿದ ಬೆರಳನ್ನು ತುಸು ಅದುಮಿ, ಪಕ್ಕದ ಕೀಲಿಗೆ ಚಕ್ಕನೆ ಜಾರಿಸಿ ಮುರ್ಕಿ ತೆಗೆಯಬಹುದು. ಈ ಕಸುಬು ಗೊತ್ತಿದ್ದವರಿಗೂ ಮೆರವಣಿಗೆಯಲ್ಲಿ ಅದನ್ನು ತೋರಿಸಲು ಜಾಗವೇ ಇಲ್ಲ.

ಜಾಗ ಸಿಕ್ಕರೆ ಏನಾದೀತೆಂಬುದಕ್ಕೆ ಬಲೂಚಿಸ್ತಾನದ ಉಸ್ತಾದ್ ನೂರ್ ಬಕ್ಷ್ ಸಾಕ್ಷಿ. 2022ರಲ್ಲಿ ಬಂದ ಅವರ ‘ಜಿಂಗುಲ್’ ಆಲ್ಬಮ್ಮಿನಲ್ಲಿ ಇರುವುದು ಇದೇ ಕರೆಂಟಿನ ವಾದ್ಯ. ಒಂದು ಧುನ್ ನಿಧಾನವಾಗಿ ಅರಳುತ್ತ ಹೋಗುತ್ತದೆ. ದಕ್ಷಿಣದಲ್ಲಿ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ ಐದು ತಂತಿ ಕಟ್ಟಿಕೊಂಡು ಕರ್ನಾಟಕ ಸಂಗೀತ ನುಡಿಸಿದರು, ಕಛೇರಿಗಳು ಕೈಚಾಚಿ ಒಪ್ಪಿಕೊಂಡವು.

ಗೋಕಾಕ, ಹುಕ್ಕೇರಿಯ ಹುಡುಗರ ಬೆರಳಲ್ಲೂ ಆ ಓಟ ಇದೆ. ಒಂದು ರಾತ್ರಿ ಪಾರಿಜಾತದ ಮೇಳದಲ್ಲಿ ಹಾರ್ಮೋನಿಯಂ ಪಕ್ಕ ಬೆಂಜೊಗೂ ಜಾಗ ಕೊಟ್ಟು ನೋಡಬೇಕು. ಸ್ಪೀಕರ್ ಗೋಡೆ ಬೇಡ, ಒಂದು ಸಣ್ಣ ಆಂಪ್ಲಿಫೈಯರ್ ಸಾಕು. ಸತ್ಯಭಾಮೆಯ ಹಾಡಿನ ಹಿಂದೆ ಹಿಂದೆ ನಡೆಯಬೇಕಾಗಿ ಬಂದಾಗ ವಾದಕ ಗದ್ದಲದ ಆಸರೆಯಿಲ್ಲದೆ ತನ್ನ ಸ್ವರವನ್ನೇ ನಂಬಬೇಕಾಗುತ್ತದೆ.